ಹೋಂ ಥಿಯೇಟರ್: ಮೊದಲು ಅಳತೆ ಟೇಪು, ಆಮೇಲೆ ರಿಮೋಟ್

ಹೋಂ ಥಿಯೇಟರ್ ಮಾಡಬೇಕು ಅಂದ ಕೂಡಲೇ ಮಾತು ಟಿವಿಯ ಇಂಚಿನಿಂದ ಶುರುವಾಗುತ್ತದೆ. ಶುರುವಾಗಬೇಕಾದದ್ದು ಸೋಫಾದಿಂದ. ಎಲ್ಲಿ ಕೂತು ನೋಡುತ್ತೀರಿ ಎನ್ನುವುದು ಗೊತ್ತಾದರೆ ಟಿವಿ ಎಷ್ಟು ದೊಡ್ಡದಿರಬೇಕು, ಎಷ್ಟು ಎತ್ತರದಲ್ಲಿ ತೂಗಬೇಕು, ಸ್ಪೀಕರ್ ಯಾವ ಕೋನದಲ್ಲಿ ಇರಬೇಕು, ಎಷ್ಟು ಮೀಟರ್ ವೈರ್ ಬೇಕು ಎಂಬುದೆಲ್ಲ ತಾನಾಗಿ ಲೆಕ್ಕಕ್ಕೆ ಸಿಗುತ್ತದೆ. ಸಾಮಾನು ಮೊದಲು ತಂದು ಜಾಗ ಆಮೇಲೆ ಹುಡುಕಿದರೆ ಯಾವುದೂ ಅದರದರ ಜಾಗದಲ್ಲಿ ಕೂರುವುದಿಲ್ಲ. ದುಬಾರಿ ಸೆಟ್ ಇದ್ದೂ ಮಾತು ಕೇಳಿಸದ, ಕತ್ತು ನೋಯುವ ಮನೆಗಳಲ್ಲಿ ತಪ್ಪು ಹೆಚ್ಚಾಗಿ ಇಲ್ಲೇ ಆಗಿರುತ್ತದೆ.

ಕೂರುವ ಜಾಗ

ಸೋಫಾವನ್ನು ಹಿಂದಿನ ಗೋಡೆಗೆ ಆನಿಸಿ ಇಡುವುದು ಎಲ್ಲರ ಅಭ್ಯಾಸ. ಸದ್ದಿನ ದೃಷ್ಟಿಯಿಂದ ಅದು ಕೆಟ್ಟ ಜಾಗ. ಗೋಡೆಯ ಪಕ್ಕ ಬೇಸ್ ಉಬ್ಬಿ ಗುಂಯ್ ಎನ್ನುತ್ತದೆ, ಗೋಡೆಗೆ ಬಡಿದ ಸದ್ದು ತಕ್ಷಣ ಕಿವಿಗೆ ವಾಪಸ್ ಬರುತ್ತದೆ, ಹಿಂದಿನ ಸ್ಪೀಕರ್‌ಗೆ ಜಾಗವೇ ಉಳಿಯುವುದಿಲ್ಲ. ಹಾಗಂತ ಕೋಣೆಯ ನಟ್ಟನಡುವೆಯೂ ಬೇಡ. 5 ಮೀಟರ್ ಉದ್ದದ ಕೋಣೆ ಸುಮಾರು 34 ಹರ್ಟ್ಸ್‌ನಲ್ಲಿ ತಾನೇ ಅನುರಣಿಸುತ್ತದೆ (ಸದ್ದಿನ ವೇಗ ಸೆಕೆಂಡಿಗೆ 343 ಮೀಟರ್, ಅದನ್ನು ಉದ್ದದ ಎರಡರಷ್ಟರಿಂದ ಭಾಗಿಸಿದರೆ ಸಿಗುವ ಸಂಖ್ಯೆ). ಆ ಅಲೆ ಗೋಡೆಗಳ ಬಳಿ ಜೋರಾಗಿಯೂ ಸರಿಮಧ್ಯದಲ್ಲಿ ಬಹುತೇಕ ಇಲ್ಲದಂತೆಯೂ ಇರುತ್ತದೆ. ಹಿಂದಿನ ಗೋಡೆಯಿಂದ ಕೋಣೆಯ ಉದ್ದದ ಮೂರನೇ ಒಂದು ಭಾಗದಷ್ಟು ಮುಂದೆ ಕೂತರೆ ಎರಡೂ ತೊಂದರೆ ತಪ್ಪುತ್ತವೆ: 5 ಮೀಟರ್ ಕೋಣೆಗೆ ಸುಮಾರು 1.7 ಮೀಟರ್. ಅಷ್ಟು ಜಾಗ ಬಿಡಲು ಆಗದಿದ್ದರೆ ಅರ್ಧ ಮೀಟರ್ ಆದರೂ ಬಿಡಿ, ಹಿಂದಿನ ಗೋಡೆಗೆ ದಪ್ಪ ಬಟ್ಟೆಯನ್ನೋ ಪುಸ್ತಕದ ಕಪಾಟನ್ನೋ ಕೊಡಿ.

ಟಿವಿಯ ಅಳತೆ

ಟಿವಿಯ ಇಂಚು ಅಂದರೆ ಪರದೆಯ ಮೂಲೆಯಿಂದ ಮೂಲೆಗೆ ಅಳತೆ. 16:9 ಪರದೆಯಲ್ಲಿ ಅಗಲ ಅದರ 87 ಪರ್ಸೆಂಟ್, ಎತ್ತರ 49 ಪರ್ಸೆಂಟ್. 65 ಇಂಚಿನದು ಸುಮಾರು 144 ಸೆಂ.ಮೀ. ಅಗಲ, 81 ಸೆಂ.ಮೀ. ಎತ್ತರ ಬರುತ್ತದೆ. ಸಿನಿಮಾ ನೋಡುವಾಗ ಪರದೆ ಕಣ್ಣಿನ ಮುಂದೆ 30ರಿಂದ 40 ಡಿಗ್ರಿ ತುಂಬಿಕೊಂಡರೆ ಹಿತ. ಇದನ್ನು ದೂರಕ್ಕೆ ಇಳಿಸಿದರೆ ಇಂಚಿನ 1.2ರಿಂದ 1.6 ಪಟ್ಟು: 43 ಇಂಚಿಗೆ 1.3ರಿಂದ 1.75 ಮೀಟರ್, 55ಕ್ಕೆ 1.7ರಿಂದ 2.2, 65ಕ್ಕೆ 2ರಿಂದ 2.6, 75ಕ್ಕೆ 2.3ರಿಂದ 3 ಮೀಟರ್. ಸುದ್ದಿ, ಧಾರಾವಾಹಿಯೇ ಹೆಚ್ಚಾಗಿದ್ದರೆ ದೂರದ ಅಂಕಿಯನ್ನು ಹಿಡಿಯಿರಿ.

ಇದೇ ಲೆಕ್ಕ ರೆಸಲ್ಯೂಷನ್‌ಗೂ ಬೇಕು. ಸಾಮಾನ್ಯ ದೃಷ್ಟಿಯವರು 55 ಇಂಚಿನ ಫುಲ್ ಎಚ್‌ಡಿ (1920×1080) ಟಿವಿಯಿಂದ ಸುಮಾರು 2.15 ಮೀಟರ್ ಆಚೆ ಕೂತರೆ ಬಿಡಿ ಚುಕ್ಕೆಗಳು ಕಾಣುವುದಿಲ್ಲ. ಅದಕ್ಕಿಂತ ಹಿಂದೆ ಕೂರುವವರಿಗೆ 4ಕೆಯ (3840×2160) ಹೆಚ್ಚುವರಿ ಸೂಕ್ಷ್ಮತೆ ಕಣ್ಣಿಗೆ ತಲುಪುವುದಿಲ್ಲ. ಆದರೂ 4ಕೆ ಟಿವಿ ಚೆನ್ನಾಗಿ ಕಂಡರೆ ಅದಕ್ಕೆ ಕಾರಣ ಬಹುಮಟ್ಟಿಗೆ ಎಚ್‌ಡಿಆರ್, ಅಂದರೆ ಹೊಳಪು ಮತ್ತು ಕಪ್ಪಿನ ನಡುವಿನ ಹರವು. ಹಾಗಾಗಿ ಎಚ್‌ಡಿಆರ್ ಎಂಬ ಸ್ಟಿಕ್ಕರ್ ಇದ್ದರೆ ಸಾಲದು. ಪ್ಯಾನೆಲ್‌ಗೆ ಆ ಹೊಳಪು ಕೊಡುವ ಶಕ್ತಿ ಇದೆಯೇ ನೋಡಬೇಕು.

ಪ್ಯಾನೆಲ್ ಬಗ್ಗೆ ಇಷ್ಟು ಸಾಕು. ಎಲ್‌ಇಡಿ ಎಂದು ಮಾರುವವೆಲ್ಲ ಹಿಂದೆ ಬೆಳಕಿರುವ ಎಲ್‌ಸಿಡಿಗಳೇ. ಅವುಗಳಲ್ಲಿ ವಿಎ ಬಗೆಯದಕ್ಕೆ ಕಪ್ಪು ಗಾಢ, ಆದರೆ ಬದಿಯಲ್ಲಿ ಕೂತವರಿಗೆ ಬಣ್ಣ ಮಾಸುತ್ತದೆ. ಐಪಿಎಸ್ ಎಲ್ಲ ಕಡೆಯಿಂದಲೂ ಒಂದೇ ಥರ ಕಾಣುತ್ತದೆ, ಆದರೆ ಕತ್ತಲ ಕೋಣೆಯಲ್ಲಿ ಅದರ ಕಪ್ಪು ಬೂದಿ ಬಣ್ಣ. ಒಎಲ್‌ಇಡಿಯ ಪ್ರತಿ ಚುಕ್ಕೆಯೂ ತಾನೇ ಬೆಳಗುವುದರಿಂದ ಕಪ್ಪು ನಿಜಕ್ಕೂ ಕಪ್ಪು. ಆದರೆ ದಿನವಿಡೀ ಒಂದೇ ಚಾನೆಲ್‌ನ ಲೋಗೋ ಉರಿಯುವ ಮನೆಯಲ್ಲಿ ಅದರ ಅಚ್ಚು ಉಳಿಯುವ ಅಪಾಯವಿದೆ. ಆಫ್ ಮಾಡಿದ ಮೇಲೆ ಅದು ತನ್ನನ್ನು ತಾನೇ ಸರಿಪಡಿಸಿಕೊಳ್ಳುವ ಕೆಲಸ ಮಾಡುತ್ತದೆ. ರಿಮೋಟ್‌ನಲ್ಲಿ ಆರಿಸಿ ಬಿಡಿ, ಗೋಡೆಯ ಸ್ವಿಚ್ ತೆಗೆಯಬೇಡಿ.

ಗೋಡೆಗೆ ಏರಿಸುವುದು

ಸೋಫಾದಲ್ಲಿ ಕೂತವರ ಕಣ್ಣು ನೆಲದಿಂದ 100ರಿಂದ 110 ಸೆಂ.ಮೀ. ಎತ್ತರದಲ್ಲಿರುತ್ತದೆ. ಪರದೆಯ ನಡುಭಾಗ ಅಲ್ಲಿಗೇ ಬರಬೇಕು. ಅಂದರೆ 65 ಇಂಚಿನ ಟಿವಿಯ ಕೆಳ ಅಂಚು ನೆಲದಿಂದ ಸುಮಾರು 65 ಸೆಂ.ಮೀ. ಮೇಲೆ. ನಿಂತು ನೋಡಿದಾಗ ಇದು ತೀರಾ ಕೆಳಗಿದೆ ಅನ್ನಿಸುತ್ತದೆ, ಅದಕ್ಕೇ ಎಷ್ಟೋ ಮನೆಗಳಲ್ಲಿ ಟಿವಿ ಕ್ಯಾಲೆಂಡರಿನ ಎತ್ತರಕ್ಕೆ ಏರಿರುತ್ತದೆ. ಕೂತು ನೋಡಿ ಗುರುತು ಹಾಕಿ. ಅನಿವಾರ್ಯವಾಗಿ ಮೇಲೆ ಹಾಕಬೇಕಾದರೆ ನಡುಭಾಗ ಕಣ್ಣಿನಿಂದ 15 ಡಿಗ್ರಿ ದಾಟದಿರಲಿ (2.5 ಮೀಟರ್ ದೂರದಲ್ಲಿ ಸುಮಾರು 65 ಸೆಂ.ಮೀ.), ಮುಂದಕ್ಕೆ ಬಾಗಿಸುವ ಮೌಂಟ್ ಬಳಸಿ.

ಟಿವಿಯ ಬೆನ್ನಿನ ನಾಲ್ಕು ತೂತುಗಳ ಅಂತರಕ್ಕೆ ವೆಸಾ ಅಳತೆ ಎನ್ನುತ್ತಾರೆ: 200×200, 300×300, 400×400 ಮಿ.ಮೀ. ಸಾಮಾನ್ಯ. ಮೌಂಟ್ ಈ ಅಳತೆಗೂ ಟಿವಿಯ ತೂಕಕ್ಕೂ ಹೊಂದಬೇಕು. ಸ್ಕ್ರೂ ಎಂ6 ಅಥವಾ ಎಂ8 ಇರುತ್ತದೆ; ದಪ್ಪಕ್ಕಿಂತ ಉದ್ದದಲ್ಲಿ ಎಡವುವವರು ಹೆಚ್ಚು. ಉದ್ದ ಜಾಸ್ತಿಯಾದರೆ ಒಳಗಿನ ಬೋರ್ಡಿಗೆ ಚುಚ್ಚುತ್ತದೆ, ಕಡಿಮೆಯಾದರೆ ಎರಡೇ ಸುತ್ತು ಮರೆಯಲ್ಲಿ ಇಡೀ ತೂಕ ನೇತಾಡುತ್ತದೆ. ಮೊದಲು ಕೈಯಲ್ಲೇ ತಿರುಗಿಸಿ. ಐದಾರು ಸುತ್ತು ಸಲೀಸಾಗಿ ಹೋಗಿ ಬ್ರಾಕೆಟ್‌ಗೆ ತಾಗಿ ನಿಂತರೆ ಸರಿ. ಬ್ರಾಕೆಟ್ ಬಿಗಿಯಾಗುವ ಮೊದಲೇ ತಳ ತಾಗಿದಂತೆ ಗಟ್ಟಿಯಾದರೆ ವಾಷರ್ ಹಾಕಿ.

ಇಟ್ಟಿಗೆ ಅಥವಾ ಕಾಂಕ್ರೀಟ್ ಗೋಡೆಯಾದರೆ 10 ಮಿ.ಮೀ. ಪ್ಲಗ್‌ಗೆ 10 ಮಿ.ಮೀ. ಬಿಟ್‌ನಲ್ಲೇ ಕೊರೆಯಿರಿ. ತೂತು ಪ್ಲಗ್‌ಗಿಂತ ಒಂದು ಸೆಂಟಿಮೀಟರ್ ಆಳವಿರಲಿ, ಒಳಗಿನ ಪುಡಿಯನ್ನು ಊದಿ ತೆಗೆಯಿರಿ. ಪುಡಿ ಉಳಿದರೆ ಪ್ಲಗ್ ಪೂರ್ತಿ ಒಳಗೆ ಹೋಗದೆ ಸ್ಕ್ರೂ ಬರೀ ಗಿಲಾವನ್ನು ಹಿಡಿದುಕೊಳ್ಳುತ್ತದೆ. ಗಿಲಾವಿಗೆ ತೂಕ ಹೊರುವ ಶಕ್ತಿ ಇಲ್ಲ. ಇಟ್ಟಿಗೆಗಳ ನಡುವಿನ ಗಾರೆಯಲ್ಲೂ ಕೊರೆಯಬೇಡಿ. ಜಿಪ್ಸಂ ಬೋರ್ಡಿನ ಗೋಡೆಯಾದರೆ ಹಿಂದಿರುವ ಮರ ಅಥವಾ ಲೋಹದ ಚೌಕಟ್ಟಿಗೇ ಸ್ಕ್ರೂ ಸಿಗಬೇಕು. ಕೊರೆಯುವ ಮೊದಲು ಸ್ವಿಚ್ ಬೋರ್ಡಿನಿಂದ ನೇರ ಮೇಲೆ, ಕೆಳಗೆ, ಅಡ್ಡಕ್ಕೆ ವೈರಿನ ಪೈಪ್ ಹೋಗಿರಬಹುದು ಎಂದು ಲೆಕ್ಕ ಹಾಕಿ. ರಸಮಟ್ಟ ಇಟ್ಟು ಗೆರೆ ಎಳೆಯಿರಿ. ಟಿವಿಯಲ್ಲಿ ಒಂದು ಡಿಗ್ರಿ ವಾಲಿದ್ದರೂ ಕಣ್ಣಿಗೆ ಕಾಣುತ್ತದೆ. ಟಿವಿ ಎತ್ತಲು ಇಬ್ಬರು ಬೇಕು. ಹಿಡಿಯಬೇಕಾದದ್ದು ಅಂಚಿನ ಚೌಕಟ್ಟು. ಪರದೆಯ ಮೇಲೆ ಹೆಬ್ಬೆರಳು ಒತ್ತಿದರೆ ಪ್ಯಾನೆಲ್ ಒಳಗೇ ಸೀಳಬಹುದು.

ಗೋಡೆಯೊಳಗೆ ಕೇಬಲ್ ಹಾಯಿಸುವುದಾದರೆ 40 ಮಿ.ಮೀ. ಪೈಪ್ ಹಾಕಿಸಿ, ಎಚ್‌ಡಿಎಂಐ (ಚಿತ್ರ, ಸದ್ದು ಎರಡನ್ನೂ ಒಯ್ಯುವ ಕೇಬಲ್) ಪ್ಲಗ್‌ನ ತಲೆ ಅದಕ್ಕಿಂತ ಸಣ್ಣದರಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಚೂಪು ಎಲ್ಬೋ ಬೇಡ, ಉದ್ದನೆಯ ಬೆಂಡ್ ಇರಲಿ. ಒಳಗೆ ಒಂದು ನೈಲಾನ್ ದಾರ ಬಿಟ್ಟಿರಿ, ಮುಂದೆ ಕೇಬಲ್ ಬದಲಿಸುವಾಗ ಅದೇ ದಾರಿ. ಕರೆಂಟಿನ ವೈರ್ ಬೇರೆ ಪೈಪಿನಲ್ಲಿ, ಸಾಧ್ಯವಾದಷ್ಟು ದೂರದಲ್ಲಿ ಹೋಗಲಿ.

ಸ್ಪೀಕರ್ ಎಲ್ಲಿಡಬೇಕು

ಎಷ್ಟು ಸ್ಪೀಕರ್ ಬೇಕು ಎಂಬ ಪ್ರಶ್ನೆಗೆ ನಮ್ಮ ಉತ್ತರ ಒಂದೇ: ಕಡಿಮೆ, ಆದರೆ ಒಳ್ಳೆಯವು. ಒಂದೇ ದುಡ್ಡಿಗೆ ಏಳು ಪುಟಾಣಿ ಡಬ್ಬಗಳಿಗಿಂತ ಮುಂದೆ ಮೂರು ಗಟ್ಟಿ ಸ್ಪೀಕರ್, ಬರೀ ಬೇಸ್ ನುಡಿಸುವ ಒಂದು ಸಬ್‌ವೂಫರ್ ಮೇಲು. ಹಿಂದಿನ ಎರಡನ್ನು ಆಮೇಲೆ ಸೇರಿಸಬಹುದು. ಸಿನಿಮಾದ ಮಾತು ಬಹುಪಾಲು ಸೆಂಟರ್ ಸ್ಪೀಕರ್‌ನಿಂದಲೇ ಬರುತ್ತದೆ, ಅದರಲ್ಲಿ ಜಿಪುಣತನ ಬೇಡ. ಕೋಣೆ ಚಿಕ್ಕದಾಗಿ, ವೈರ್ ಎಳೆಯಲು ದಾರಿಯೇ ಇಲ್ಲದಿದ್ದರೆ ಬೇರೆ ಸಬ್‌ವೂಫರ್ ಇರುವ ಸೌಂಡ್‌ಬಾರ್ ತನ್ನಿ. ಆಗ ಈ ಭಾಗದ ಅರ್ಧ ನಿಮಗೆ ಬೇಡ.

5.1 ಅಂದರೆ ಮುಂದೆ ಎಡ, ಬಲ, ನಡುವೆ ಸೆಂಟರ್, ಪಕ್ಕದಲ್ಲಿ ಎರಡು ಸರೌಂಡ್, ಜೊತೆಗೆ ಸಬ್‌ವೂಫರ್. ಮುಂದಿನ ಎರಡಕ್ಕೆ ಕೋನಮಾಪಕ ಬೇಡ, ದಾರ ಸಾಕು. ಕೂರುವ ಜಾಗದಿಂದ ಎಡ ಸ್ಪೀಕರ್‌ಗೆ ಎಷ್ಟು ದೂರವೋ ಬಲಕ್ಕೂ ಅಷ್ಟೇ, ಎರಡು ಸ್ಪೀಕರ್‌ಗಳ ನಡುವೆಯೂ ಅಷ್ಟೇ ಅಥವಾ ಸ್ವಲ್ಪ ಕಡಿಮೆ ಇರಲಿ. ಆಗ ಅವು ನೋಡುವವರಿಂದ 22ರಿಂದ 30 ಡಿಗ್ರಿಯಲ್ಲಿ ಬರುತ್ತವೆ. ಟ್ವೀಟರ್ (ತೀಕ್ಷ್ಣ ಸದ್ದು ಕೊಡುವ ಸಣ್ಣ ಕೋನ್) ಕಿವಿಯ ಎತ್ತರಕ್ಕೆ, ಅಂದರೆ ನೆಲದಿಂದ 95ರಿಂದ 105 ಸೆಂ.ಮೀ. ಹಿಂಬದಿ ತೂತಿರುವ ಸ್ಪೀಕರ್ ಆದರೆ ಗೋಡೆಯಿಂದ 20–30 ಸೆಂ.ಮೀ. ಮುಂದಿಡಿ.

ಸೆಂಟರ್ ಸ್ಪೀಕರ್ ಟಿವಿಯ ಕೆಳಗೆ ಬರುವುದರಿಂದ ಅದರ ಮುಖ ಮಂಡಿಗೆ ಗುರಿಯಿಟ್ಟಂತಿರುತ್ತದೆ. ಮುಂಭಾಗಕ್ಕೆ ರಬ್ಬರ್ ತುಂಡು ಕೊಟ್ಟು ಕಿವಿಯತ್ತ ಎತ್ತಿ. ಸ್ಟ್ಯಾಂಡಿನ ಹಲಗೆಯ ಅಂಚಿಗೆ ಸಮವಾಗಿ ತನ್ನಿ. ಹಿಂದೆ ಸರಿಸಿಟ್ಟರೆ ಹಲಗೆಗೆ ಬಡಿದ ಸದ್ದು ಮಾತನ್ನು ಮಸುಕು ಮಾಡುತ್ತದೆ. ಕಪಾಟಿನ ಗೂಡಿನೊಳಗೆ ತುರುಕಿದ ಸೆಂಟರ್ ಸ್ಪೀಕರ್‌ನಿಂದ ಗಂಡು ದನಿಗಳೆಲ್ಲ ಕೊಡದೊಳಗಿಂದ ಮಾತಾಡಿದಂತೆ ಕೇಳುತ್ತವೆ.

ಸರೌಂಡ್ ಸ್ಪೀಕರ್‌ಗಳು ಕಿವಿಯ ನೇರ ಪಕ್ಕದಿಂದ ಸ್ವಲ್ಪ ಹಿಂದಕ್ಕೆ, 90ರಿಂದ 110 ಡಿಗ್ರಿ. ಅವನ್ನು ಕೋಣೆಯ ಹಿಂದಿನ ಮೂಲೆಗಳಿಗೆ ಏರಿಸಿ ಸೀಲಿಂಗಿಗೆ ಅಂಟಿಸುವುದು ಮಾಮೂಲಿ ತಪ್ಪು. ಅಲ್ಲಿಂದ ಬರುವ ಸದ್ದಿಗೆ ದಿಕ್ಕೇ ಗೊತ್ತಾಗುವುದಿಲ್ಲ. ಕಿವಿಯ ಎತ್ತರದಲ್ಲಿ ಅಥವಾ ಪಕ್ಕದಲ್ಲಿ ಕೂತವರ ತಲೆ ಅಡ್ಡ ಬರದಷ್ಟು ಮೇಲೆ ಸಾಕು. ಹಿಂದೆ ಇನ್ನೆರಡು ಸ್ಪೀಕರ್ ಸೇರಿದ 7.1ರಲ್ಲಿ ಆ ಜೋಡಿ 135ರಿಂದ 150 ಡಿಗ್ರಿಯಲ್ಲಿರಬೇಕು. ಸೋಫಾ ಗೋಡೆಗೆ ಅಂಟಿದ್ದರೆ ಆ ಆಸೆ ಬಿಡಿ. ತಲೆಯ ಮೇಲಿಂದಲೂ ಸದ್ದು ಕೇಳಿಸುವ ಡಾಲ್ಬಿ ಅಟ್ಮಾಸ್‌ಗೆ ಎರಡೇ ಸೀಲಿಂಗ್ ಸ್ಪೀಕರ್ ಆದರೆ (5.1.2) ತಲೆಯ ಮೇಲೆ ಅಥವಾ ಕೊಂಚ ಮುಂದೆ ಬರಲಿ. ಮೇಲಕ್ಕೆ ಸದ್ದು ಎಸೆದು ಸೀಲಿಂಗ್‌ನಿಂದ ಪುಟಿಸುವ ಬಗೆಯವು ಚಪ್ಪಟೆ, ಗಟ್ಟಿ ಸೀಲಿಂಗ್ ಇದ್ದರೆ ಮಾತ್ರ ಕೆಲಸ ಮಾಡುತ್ತವೆ. ಇಳಿಜಾರು ಸೂರಿನ ಕೆಳಗೆ ಅದು ದಂಡ.

ಸಬ್‌ವೂಫರ್‌ಗೆ ಜಾಗ ಹುಡುಕುವ ವಿಧಾನ ಸ್ವಲ್ಪ ತಮಾಷೆಯಾಗಿದೆ, ಆದರೆ ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಸಬ್‌ವೂಫರನ್ನು ಎತ್ತಿ ನೀವು ಕೂರುವ ಜಾಗದಲ್ಲೇ ಇಡಿ. ಒಂದೇ ಸಮನೆ ಬೇಸ್ ಗಿಟಾರ್ ನಡೆಯುವ ಹಾಡು ಹಾಕಿ. ಈಗ ಮುಂದಿನ ಗೋಡೆಯ ಉದ್ದಕ್ಕೂ, ಆಮೇಲೆ ಪಕ್ಕದ ಗೋಡೆಗಳ ಬಳಿ ಮಂಡಿಯೂರಿ, ತಲೆ ತಗ್ಗಿಸಿ ಸಾಗುತ್ತ ಕೇಳಿ. ಒಂದು ಕಡೆ ಗುಂಯ್‌ಗುಟ್ಟುತ್ತದೆ, ಎರಡಡಿ ಆಚೆ ಬೇಸೇ ಮಾಯವಾಗುತ್ತದೆ, ಇನ್ನೊಂದು ಕಡೆ ಪ್ರತಿ ಸ್ವರವೂ ಒಂದೇ ತೂಕದಲ್ಲಿ ಬಿಡಿಬಿಡಿಯಾಗಿ ಕೇಳುತ್ತದೆ. ಆ ಮೂರನೆಯ ಜಾಗಕ್ಕೆ ಟೇಪು ಅಂಟಿಸಿ, ಸಬ್‌ವೂಫರ್ ಅಲ್ಲಿಗೆ. ಮೂಲೆಯಲ್ಲಿಟ್ಟರೆ ಸದ್ದು ಹೆಚ್ಚು, ಗುಣ ಕಡಿಮೆ.

ಅದರ ಬೆನ್ನಿನ ಕ್ರಾಸ್‌ಓವರ್ ಗುಂಡಿಯನ್ನು (ಎಷ್ಟು ಹರ್ಟ್ಸ್‌ಗಿಂತ ಕೆಳಗಿನ ಸದ್ದು ಸಬ್‌ವೂಫರ್‌ಗೆ ಎಂದು ಗೊತ್ತುಮಾಡುವುದು) ಎಲ್‌ಎಫ್‌ಇ (ಸಿನಿಮಾದ ಪ್ರತ್ಯೇಕ ಬೇಸ್ ಚಾನೆಲ್) ಅಥವಾ ಗರಿಷ್ಠಕ್ಕೆ ತಿರುಗಿಸಿ, ಬೇಸ್ ವಿಂಗಡಿಸುವ ಕೆಲಸ ರಿಸೀವರ್ (ಎಲ್ಲ ಸ್ಪೀಕರ್‌ಗೂ ಸದ್ದು ಹಂಚುವ ಆಂಪ್ಲಿಫೈಯರ್) ಮಾಡಲಿ. ಎರಡೂ ಕಡೆ ಸೋಸಿದರೆ ನಡುವೆ ಹಳ್ಳ ಬೀಳುತ್ತದೆ. ವಾಲ್ಯೂಂ ಅರ್ಧಕ್ಕೆ, ಫೇಸ್ 0ಗೆ.

ವೈರ್

8 ಓಮ್ ಸ್ಪೀಕರ್‌ಗೆ 15 ಮೀಟರ್‌ವರೆಗೆ 1.5 ಚದರ ಮಿ.ಮೀ. ತಾಮ್ರದ ವೈರ್ ಸಾಕು. 4 ಓಮ್ ಆದರೆ ಅದೇ ವೈರ್ 8 ಮೀಟರ್‌ವರೆಗೆ. ಅದಕ್ಕಿಂತ ಉದ್ದವಾದರೆ 2.5. ತಾಮ್ರ ಲೇಪಿಸಿದ ಅಲ್ಯುಮಿನಿಯಂ ವೈರ್ ಅಗ್ಗಕ್ಕೆ ಸಿಗುತ್ತದೆ, ಅದರ ರೋಧ ಸುಮಾರು ಒಂದೂವರೆ ಪಟ್ಟು. ಅದನ್ನೇ ಹಾಕುವುದಾದರೆ ಒಂದು ಅಳತೆ ದಪ್ಪ ತೆಗೆದುಕೊಳ್ಳಿ. ಗಿಲೀಟಿನ ಕೇಬಲ್‌ಗೆ ದುಡ್ಡು ಸುರಿಯುವುದರಲ್ಲಿ ಅರ್ಥವಿಲ್ಲ, ತಾಮ್ರದ ದಪ್ಪವೇ ಲೆಕ್ಕ.

ತುದಿಯಲ್ಲಿ 12 ಮಿ.ಮೀ. ಸಿಪ್ಪೆ ತೆಗೆದು ಎಳೆಗಳನ್ನು ಬಿಗಿಯಾಗಿ ಹೊಸೆಯಿರಿ. ಟರ್ಮಿನಲ್‌ಗೆ ತೂರಿಸಿ ಬಿಗಿ ಮಾಡಿದ ಮೇಲೆ ಮೊಬೈಲ್ ಟಾರ್ಚ್ ಹಾಕಿ ನೋಡಿ: ಕೂದಲೆಳೆಯಷ್ಟು ತಾಮ್ರ ಪಕ್ಕದ ಟರ್ಮಿನಲ್‌ಗೆ ತಾಗಿದರೂ ಶಾರ್ಟ್ ಆಗಿ ರಿಸೀವರ್ ತಾನೇ ಆಫ್ ಆಗುತ್ತದೆ. ವೈರಿನ ತುದಿಗೆ ಬನಾನಾ ಪ್ಲಗ್ (ಟರ್ಮಿನಲ್‌ಗೆ ನೇರ ತೂರುವ ಲೋಹದ ಪಿನ್) ಹಾಕಿದರೆ ಈ ಕಾಟವಿಲ್ಲ. ಕೆಂಪು ಕೆಂಪಿಗೆ, ಕಪ್ಪು ಕಪ್ಪಿಗೆ. ಒಂದು ಸ್ಪೀಕರ್ ಉಲ್ಟಾ ಆದರೂ ಸದ್ದು ಬರುತ್ತದೆ, ಅದೇ ಕಷ್ಟ. ಬೇಸ್ ತೆಳ್ಳಗಾಗಿ, ಹಾಡುವವರ ದನಿ ನಡುವೆ ನಿಲ್ಲದೆ ಎಲ್ಲಿಂದಲೋ ತೇಲಿ ಬಂದಂತಿರುತ್ತದೆ. ಅನುಮಾನವಿದ್ದರೆ ರಿಸೀವರ್ ತುದಿಯಲ್ಲಿ ವೈರ್ ಬಿಚ್ಚಿ, 1.5 ವೋಲ್ಟ್ ಬ್ಯಾಟರಿಯ ಧನ ತುದಿಯನ್ನು ಕೆಂಪು ವೈರಿಗೂ ಋಣ ತುದಿಯನ್ನು ಕಪ್ಪಿಗೂ ಒಂದು ಕ್ಷಣ ತಾಗಿಸಿ. ವೂಫರ್ ಹೊರಗೆ ಉಬ್ಬಿದರೆ ಸರಿ, ಒಳಗೆ ಹೋದರೆ ಉಲ್ಟಾ.

ರಿಸೀವರ್‌ನ ವ್ಯಾಟ್ ಲೆಕ್ಕವನ್ನು ಹುಷಾರಾಗಿ ಓದಿ. ‘1 ಕಿಲೋಹರ್ಟ್ಸ್, 10 ಪರ್ಸೆಂಟ್ ಡಿಸ್ಟಾರ್ಷನ್, ಒಂದು ಚಾನೆಲ್’ ಎಂದಿದ್ದರೆ ಅದು ಜಾಹೀರಾತಿನ ವ್ಯಾಟ್. ‘20 ಹರ್ಟ್ಸ್‌ನಿಂದ 20 ಕಿಲೋಹರ್ಟ್ಸ್, 8 ಓಮ್, ಎರಡು ಚಾನೆಲ್’ ಎಂದು ಕೊಟ್ಟಿರುವುದೇ ಹೋಲಿಸಲು ಯೋಗ್ಯ. ವ್ಯಾಟ್ ದುಪ್ಪಟ್ಟಾದರೆ ಏರುವುದು 3 ಡೆಸಿಬಲ್ ಅಷ್ಟೇ. ರಿಸೀವರ್ ಮೇಲೆ 10 ಸೆಂ.ಮೀ. ಖಾಲಿ ಇರಲಿ, ಅದರ ಮೇಲೆ ಸೆಟ್‌ಟಾಪ್ ಬಾಕ್ಸ್ ಪೇರಿಸಬೇಡಿ.

ಎಚ್‌ಡಿಎಂಐ ಜೋಡಣೆ

ದಾರಿ ಎರಡಿವೆ. ಪ್ಲೇಯರ್, ಗೇಮ್ ಕನ್ಸೋಲ್, ಸೆಟ್‌ಟಾಪ್ ಬಾಕ್ಸ್ ಎಲ್ಲವನ್ನೂ ರಿಸೀವರ್‌ಗೆ ಜೋಡಿಸಿ, ಅಲ್ಲಿಂದ ಒಂದೇ ಕೇಬಲನ್ನು ಟಿವಿಗೆ ಕೊಡುವುದು ಒಂದು. ಎಲ್ಲವನ್ನೂ ಟಿವಿಗೆ ಕೊಟ್ಟು, ಸದ್ದನ್ನು ಮಾತ್ರ ಟಿವಿಯಿಂದ ರಿಸೀವರ್‌ಗೆ ವಾಪಸ್ ಕಳಿಸುವುದು ಇನ್ನೊಂದು. ರಿಸೀವರ್ ಹೊಸದಾಗಿದ್ದರೆ ಮೊದಲನೆಯದು ಸಲೀಸು. ರಿಸೀವರ್ ಹಳೆಯದು, ಟಿವಿ ಹೊಸದು ಆಗಿದ್ದರೆ ಎರಡನೆಯದೇ ಗತಿ, ಏಕೆಂದರೆ 4ಕೆ ಚಿತ್ರದ ದಾರಿಯಲ್ಲಿ ಬರುವ ಪ್ರತಿ ಉಪಕರಣವೂ ಎಚ್‌ಡಿಸಿಪಿ 2.2 (ನಕಲು ತಡೆಯುವ ಬೀಗ) ಒಪ್ಪಬೇಕು. ಒಂದು ಒಪ್ಪದಿದ್ದರೂ ಪರದೆ ಕಪ್ಪಾಗುತ್ತದೆ ಅಥವಾ ಚಿತ್ರ 1080ಕ್ಕೆ ಇಳಿಯುತ್ತದೆ.

ಸದ್ದು ವಾಪಸ್ ಕಳಿಸುವ ದಾರಿಯೇ ಎಆರ್‌ಸಿ. 2009ರ ಎಚ್‌ಡಿಎಂಐ 1.4ರೊಂದಿಗೆ ಬಂದದ್ದು. ಡಾಲ್ಬಿ ಡಿಜಿಟಲ್ ಅದರಲ್ಲಿ ಸಾಗುತ್ತದೆ, ಟಿವಿಯೂ ರಿಸೀವರೂ ಬೆಂಬಲಿಸಿದರೆ ಡಾಲ್ಬಿ ಡಿಜಿಟಲ್ ಪ್ಲಸ್ ಕೂಡ; ಸ್ಟ್ರೀಮಿಂಗ್ ಆ್ಯಪ್‌ಗಳ ಅಟ್ಮಾಸ್ ಬರುವುದು ಇದರೊಳಗೇ. ಬ್ಲೂ-ರೇ ಡಿಸ್ಕಿನ ಟ್ರೂಎಚ್‌ಡಿ, ಡಿಟಿಎಸ್-ಎಚ್‌ಡಿ ಅಥವಾ ಬಹು ಚಾನೆಲ್ ಪಿಸಿಎಂ (ಕುಗ್ಗಿಸದ ಸದ್ದು) ಎಆರ್‌ಸಿಯಲ್ಲಿ ಹಿಡಿಸುವುದಿಲ್ಲ. ಅದಕ್ಕೆ 2017ರ ಎಚ್‌ಡಿಎಂಐ 2.1ರ ಭಾಗವಾದ ಇಎಆರ್‌ಸಿ ಎರಡೂ ತುದಿಯಲ್ಲಿ ಬೇಕು. ಸದ್ದನ್ನು ಮಾತ್ರ ಒಯ್ಯುವ ಆಪ್ಟಿಕಲ್ ಕೇಬಲ್ ಇನ್ನೂ ಬಡವ: ಎರಡು ಚಾನೆಲ್ ಪಿಸಿಎಂ, ಇಲ್ಲವೇ 5.1ರ ಡಾಲ್ಬಿ ಡಿಜಿಟಲ್ ಮತ್ತು ಡಿಟಿಎಸ್, ಅಷ್ಟೇ.

ಟಿವಿಯ ಎಲ್ಲ ಎಚ್‌ಡಿಎಂಐ ಕಿಂಡಿಗಳಲ್ಲಿ ಎಆರ್‌ಸಿ ಇರುವುದಿಲ್ಲ, ಸಾಮಾನ್ಯವಾಗಿ ಒಂದರಲ್ಲಿ ಮಾತ್ರ, ಪಕ್ಕದಲ್ಲಿ ಹಾಗೆಂದು ಬರೆದಿರುತ್ತದೆ. ರಿಸೀವರ್‌ನ ಕಡೆ ಅದು ‘ಔಟ್’ ಕಿಂಡಿಗೆ ಹೋಗಬೇಕು. ಬಹುತೇಕ ಟಿವಿಗಳಲ್ಲಿ ಎಆರ್‌ಸಿ ನಡೆಯಲು ಸಿಇಸಿ (ಉಪಕರಣಗಳು ಎಚ್‌ಡಿಎಂಐ ಮೂಲಕ ಒಂದನ್ನೊಂದು ನಿಯಂತ್ರಿಸುವ ಸೌಲಭ್ಯ) ಆನ್ ಇರಬೇಕು, ಮೆನುವಿನಲ್ಲಿ ಅದರ ಹೆಸರು ಬೇರೆ ಬೇರೆ: ಸ್ಯಾಮ್‌ಸಂಗ್‌ನಲ್ಲಿ ಎನಿನೆಟ್ ಪ್ಲಸ್, ಎಲ್‌ಜಿಯಲ್ಲಿ ಸಿಂಪ್‌ಲಿಂಕ್, ಸೋನಿಯಲ್ಲಿ ಬ್ರಾವಿಯಾ ಸಿಂಕ್. ಆಮೇಲೆ ಟಿವಿಯ ಸೌಂಡ್ ಔಟ್‌ಪುಟ್ ‘ಪಿಸಿಎಂ’ ಬಿಟ್ಟು ‘ಪಾಸ್‌ಥ್ರೂ’ ಅಥವಾ ‘ಆಟೊ’ ಮಾಡಿ. ಈ ಒಂದು ಸಾಲು ತಪ್ಪಿದ್ದರೆ ಎಆರ್‌ಸಿಯಲ್ಲಿ ಎಷ್ಟು ಸ್ಪೀಕರ್ ಇದ್ದರೂ ಬರುವುದು ಬರೀ ಸ್ಟೀರಿಯೊ. ರಿಸೀವರ್‌ನ ಡಿಸ್‌ಪ್ಲೇ ನೋಡಿ ಖಚಿತಪಡಿಸಿಕೊಳ್ಳಿ: 5.1 ಇರುವ ಸಿನಿಮಾ ಹಾಕಿದಾಗ ಅಲ್ಲಿ ಡಾಲ್ಬಿ ಅಥವಾ ಡಿಟಿಎಸ್ ಎಂದು ಬರಬೇಕು. ಪಿಸಿಎಂ 2.0 ಎಂದಿದ್ದರೆ ದಾರಿಯಲ್ಲಿ ಯಾರೋ ಇಳಿಸಿದ್ದಾರೆ; ಟಿವಿ, ಪ್ಲೇಯರ್, ಆ್ಯಪ್ ಮೂರರ ಆಡಿಯೊ ಮೆನುವನ್ನೂ ಒಂದೊಂದಾಗಿ ನೋಡಿ.

ಕೇಬಲ್ ವಿಷಯ: 4ಕೆ 60ಕ್ಕೆ (ಸೆಕೆಂಡಿಗೆ 60 ಫ್ರೇಮ್) 18 ಗಿಗಾಬಿಟ್‌ನ ‘ಪ್ರೀಮಿಯಂ ಹೈಸ್ಪೀಡ್’, 4ಕೆ 120ಕ್ಕೆ 48 ಗಿಗಾಬಿಟ್‌ನ ‘ಅಲ್ಟ್ರಾ ಹೈಸ್ಪೀಡ್’. ‘2.1 ಕೇಬಲ್’ ಎಂದು ಬರೆದಿದ್ದರೆ ಅದಕ್ಕೆ ಏನೂ ಅರ್ಥವಿಲ್ಲ, ಈ ಹೆಸರುಗಳ ಸ್ಕ್ಯಾನ್ ಮಾಡಬಹುದಾದ ಲೇಬಲ್ ಇದೆಯೇ ನೋಡಿ. ಉದ್ದ ಹೆಚ್ಚಿದಷ್ಟೂ ತಾಮ್ರದ ಕೇಬಲ್ ಕೈಕೊಡುತ್ತದೆ. 5 ಮೀಟರ್ ದಾಟಿದರೆ ಆಪ್ಟಿಕಲ್ ಎಚ್‌ಡಿಎಂಐ ಕೇಬಲ್ ತನ್ನಿ. ಅದಕ್ಕೆ ದಿಕ್ಕಿದೆ, ‘ಸೋರ್ಸ್’ ಎಂದು ಬರೆದ ತುದಿ ಪ್ಲೇಯರ್ ಕಡೆ. ಗೋಡೆಯೊಳಗೆ ಎಳೆಯುವ ಮೊದಲು ನೆಲದ ಮೇಲೆ ಹಾಸಿ ಪರೀಕ್ಷಿಸಿ, ಉಲ್ಟಾ ಎಳೆದವರ ಗೋಳು ಕೇಳಲಾಗದು.

ಇಷ್ಟೆಲ್ಲ ಆಗಿಯೂ ಎಚ್‌ಡಿಆರ್ ಬರದಿದ್ದರೆ ಟಿವಿಯ ಆ ಕಿಂಡಿ ಹಳೆಯ ಮೋಡಿನಲ್ಲಿರಬಹುದು. ಮೆನುವಿನಲ್ಲಿ ‘ಎನ್‌ಹ್ಯಾನ್ಸ್ಡ್’, ‘ಡೀಪ್ ಕಲರ್’, ‘ಯುಎಚ್‌ಡಿ ಕಲರ್’ ಎಂಬಂಥ ಹೆಸರಿನ ಸೌಲಭ್ಯವನ್ನು ಪ್ರತಿ ಕಿಂಡಿಗೂ ಪ್ರತ್ಯೇಕವಾಗಿ ಆನ್ ಮಾಡಬೇಕಾಗುತ್ತದೆ.

ಸದ್ದು ಹೊಂದಿಸುವುದು

ರಿಸೀವರ್‌ನೊಂದಿಗೆ ಬಂದ ಮೈಕನ್ನು ಸೋಫಾದ ಒರಗಿನ ಮೇಲೆ ಇಡಬೇಡಿ. ಟ್ರೈಪಾಡ್ ಮೇಲೆ, ಕಿವಿ ಇರುವ ಜಾಗದಲ್ಲಿ, ಕಿವಿಯ ಎತ್ತರಕ್ಕೆ ನಿಲ್ಲಿಸಿ. ಫ್ಯಾನ್, ಎಸಿ, ಫ್ರಿಜ್ ಸದ್ದು ನಿಲ್ಲಿಸಿ, ಕೋಣೆಯಿಂದ ಹೊರಗೆ ಹೋಗಿ. ಒಂದಕ್ಕಿಂತ ಹೆಚ್ಚು ಕಡೆ ಅಳೆಯಲು ಕೇಳಿದರೆ ಮೊದಲ ಅಳತೆ ಮುಖ್ಯ ಆಸನದಲ್ಲಿ, ಉಳಿದವು ಅದರ ಸುತ್ತ ಅರ್ಧ ಮೀಟರ್ ಒಳಗೆ.

ಮುಗಿದ ಮೇಲೆ ಫಲಿತಾಂಶವನ್ನು ಕಣ್ಣುಮುಚ್ಚಿ ನಂಬಬೇಡಿ. ಎಷ್ಟೋ ರಿಸೀವರ್‌ಗಳು ಮುಂದಿನ ಸ್ಪೀಕರ್‌ಗಳನ್ನು ‘ಲಾರ್ಜ್’ ಎಂದು ಗುರುತಿಸುತ್ತವೆ. ಅವನ್ನು ‘ಸ್ಮಾಲ್’ ಮಾಡಿ, ಕ್ರಾಸ್‌ಓವರ್ 80 ಹರ್ಟ್ಸ್‌ಗೆ ಇಡಿ. ಅಂಗೈಯಷ್ಟು ಸಣ್ಣ ಸ್ಪೀಕರ್ ಆದರೆ 100–120. ಎಲ್‌ಎಫ್‌ಇಯ ಲೋಪಾಸ್ ಬೇರೆ ಸಾಲು, ಅದು 120ರಲ್ಲೇ ಇರಲಿ. ಸಬ್‌ವೂಫರ್‌ನ ದೂರ ನಿಜಕ್ಕಿಂತ ಒಂದೆರಡು ಮೀಟರ್ ಹೆಚ್ಚು ತೋರಿಸಿದರೆ ತಿದ್ದಬೇಡಿ. ಸದ್ದು ಒಂದು ಮಿಲಿಸೆಕೆಂಡಿಗೆ 34 ಸೆಂ.ಮೀ. ಸಾಗುತ್ತದೆ, ಸಬ್‌ವೂಫರ್ ಒಳಗಿನ ಫಿಲ್ಟರ್ ತಡಮಾಡುವ ಮಿಲಿಸೆಕೆಂಡುಗಳನ್ನು ರಿಸೀವರ್ ದೂರವಾಗಿ ಲೆಕ್ಕ ಹಾಕಿರುತ್ತದೆ. ಉಳಿದ ಸ್ಪೀಕರ್‌ಗಳ ದೂರ ಮಾತ್ರ ಟೇಪಿನ ಅಳತೆಗೆ ಹತ್ತಿರವಿರಬೇಕು. ಕೈಯಲ್ಲೇ ಹೊಂದಿಸುವವರು ಟೆಸ್ಟ್ ಟೋನ್ ಹಾಕಿ, ಮೀಟರನ್ನು ಸಿ ವೇಯ್ಟಿಂಗ್, ಸ್ಲೋನಲ್ಲಿಟ್ಟು ಎಲ್ಲ ಸ್ಪೀಕರನ್ನೂ 75 ಡೆಸಿಬಲ್‌ಗೆ ತರಲಿ.

ಗಾಜು, ಟೈಲ್ಸ್, ಬರಿ ಗೋಡೆ ಇರುವ ಕೋಣೆಯಲ್ಲಿ ಚಪ್ಪಾಳೆ ತಟ್ಟಿ. ಟಣಟಣ ಎಂಬ ಪ್ರತಿಧ್ವನಿ ಬಂದರೆ ಯಾವ ಕ್ಯಾಲಿಬ್ರೇಷನ್ನೂ ಅದನ್ನು ಅಳಿಸದು. ಸ್ಪೀಕರ್ ಮತ್ತು ಸೋಫಾ ನಡುವೆ ದಪ್ಪ ಕಾರ್ಪೆಟ್, ಕಿಟಕಿಗೆ ಭಾರದ ಕರ್ಟನ್ ಹಾಕಿ.

ಚಿತ್ರ ಹೊಂದಿಸುವುದು

ಅಂಗಡಿಯ ಬೆಳಕಿಗಾಗಿ ಮಾಡಿದ ‘ವಿವಿಡ್’ ಬಿಟ್ಟು ‘ಮೂವಿ’, ‘ಸಿನಿಮಾ’ ಅಥವಾ ‘ಫಿಲ್ಮ್‌ಮೇಕರ್ ಮೋಡ್’ ಆರಿಸಿ. ಮೊದಲ ದಿನ ಹಳದಿ ಅನ್ನಿಸುತ್ತದೆ. ಸ್ಟುಡಿಯೊಗಳು ಬಳಸುವ ಬಿಳುಪು 6500 ಕೆಲ್ವಿನ್, ಅದು ಇದೇ. ಎರಡು ಮೂರು ದಿನದಲ್ಲಿ ಕಣ್ಣು ಒಗ್ಗುತ್ತದೆ. ಶಾರ್ಪ್‌ನೆಸ್ ಸೊನ್ನೆಗೋ ಅದರ ಹತ್ತಿರಕ್ಕೋ ಇಳಿಸಿ (ಸೋನಿಯಲ್ಲಿ ಮಾತ್ರ 50 ತಟಸ್ಥ). ಅಕ್ಷರಗಳ ಸುತ್ತ ಬಿಳಿ ಗೆರೆ ಕಂಡರೆ ಇನ್ನೂ ಹೆಚ್ಚಿದೆ ಎಂದರ್ಥ. ಚಲನೆ ನಯಗೊಳಿಸುವ ಸೌಲಭ್ಯ ಸಿನಿಮಾಗೆ ಆಫ್, ಕ್ರಿಕೆಟ್‌ಗೆ ಬೇಕಾದರೆ ಆನ್. ಸಿನಿಮಾ ಸೆಕೆಂಡಿಗೆ 24 ಫ್ರೇಮ್. 60 ಹರ್ಟ್ಸ್ ಪರದೆಯಲ್ಲಿ ಅದು ಸಮನಾಗಿ ಭಾಗವಾಗದೆ ಕ್ಯಾಮೆರಾ ನಿಧಾನಕ್ಕೆ ಹೊರಳುವಾಗ ಕುಕ್ಕುತ್ತದೆ. 120 ಹರ್ಟ್ಸ್ ಪ್ಯಾನೆಲ್‌ನಲ್ಲಿ ಪ್ರತಿ ಫ್ರೇಮ್ ಐದು ಸಲ ಬಂದು ಸರಿಹೋಗುತ್ತದೆ. ಪ್ಲೇಯರ್‌ನಲ್ಲಿ ‘ಮ್ಯಾಚ್ ಫ್ರೇಮ್ ರೇಟ್’ ಆನ್ ಮಾಡಿ.

ಚಿತ್ರದ ಅಂಚು ಕತ್ತರಿಸಿದಂತಿದ್ದರೆ ಓವರ್‌ಸ್ಕ್ಯಾನ್ ಆಫ್ ಮಾಡಿ; ‘ಜಸ್ಟ್ ಸ್ಕ್ಯಾನ್’, ‘ಫುಲ್ ಪಿಕ್ಸೆಲ್’ ಎಂದೂ ಬರೆದಿರಬಹುದು. ಕತ್ತಲ ದೃಶ್ಯದಲ್ಲಿ ಕಪ್ಪು ಕೂದಲು, ಕಪ್ಪು ಕೋಟು ಒಂದೇ ಮುದ್ದೆಯಾಗಿದ್ದರೆ, ಅಥವಾ ಎಲ್ಲವೂ ಮಂಜು ಕವಿದಂತೆ ಮಾಸಿದ್ದರೆ, ಟಿವಿ ಮತ್ತು ಪ್ಲೇಯರ್‌ಗಳ ಕಪ್ಪಿನ ಅಳತೆ ಬೇರೆ ಬೇರೆಯಾಗಿದೆ. ವಿಡಿಯೊ 16ರಿಂದ 235 ಬಳಸುತ್ತದೆ, ಕಂಪ್ಯೂಟರ್ 0ಯಿಂದ 255. ಎರಡೂ ಕಡೆ ಒಂದೇ ಆಗಿರಲಿ. ಸಿನಿಮಾ ಪ್ಲೇಯರ್‌ಗೆ ‘ಲಿಮಿಟೆಡ್’ ಸಾಕು. ರಾತ್ರಿ ಪೂರ್ತಿ ಕತ್ತಲು ಮಾಡುವ ಬದಲು ಟಿವಿಯ ಬೆನ್ನಿಗೆ 6500 ಕೆಲ್ವಿನ್‌ನ ಮಂದ ಎಲ್‌ಇಡಿ ಪಟ್ಟಿ ಅಂಟಿಸಿದರೆ ಕಣ್ಣಿಗೆ ಆಯಾಸ ಕಡಿಮೆ. ಬಣ್ಣ ಬದಲಾಗುವ ಪಟ್ಟಿ ಬೇಡ.

ಇಂಟರ್‌ನೆಟ್ ವಿಷಯದಲ್ಲಿ ಒಂದೇ ಎಚ್ಚರಿಕೆ. ನೆಟ್‌ಫ್ಲಿಕ್ಸ್ 4ಕೆಗೆ 15 ಮೆಗಾಬಿಟ್ ವೇಗ ಕೇಳುತ್ತದೆ, ಅದು ದೊಡ್ಡದಲ್ಲ. ಆದರೆ 4ಕೆ ಬ್ಲೂ-ರೇ ಗುಣಮಟ್ಟದ ಫೈಲುಗಳು 100 ಮೆಗಾಬಿಟ್ ದಾಟಬಲ್ಲವು, ಎಷ್ಟೋ ಟಿವಿಗಳ ಲ್ಯಾನ್ ಕಿಂಡಿ 100ಕ್ಕೇ ನಿಲ್ಲುತ್ತದೆ. ಅಂಥ ಫೈಲ್ ತಡವರಿಸಿದರೆ ಕೇಬಲ್ ತೆಗೆದು 5 ಗಿಗಾಹರ್ಟ್ಸ್ ವೈಫೈ ಹಾಕಿ ನೋಡಿ.

ಆಮೇಲೆ ಕಾಡುವ ತೊಂದರೆಗಳು

ಮಾತು ಕೇಳಿಸುವುದಿಲ್ಲ, ಬಾಂಬು ಸಿಡಿದರೆ ಪಕ್ಕದ ಮನೆಯವರು ಏಳುತ್ತಾರೆ: ಸೆಂಟರನ್ನು 2–3 ಡೆಸಿಬಲ್ ಏರಿಸಿ, ರಾತ್ರಿ ‘ಡೈನಮಿಕ್ ರೇಂಜ್ ಕಂಪ್ರೆಷನ್’ ಅಥವಾ ‘ನೈಟ್ ಮೋಡ್’ ಹಾಕಿ. ಸೆಂಟರ್ ಸ್ಪೀಕರ್ ಇಲ್ಲದವರು ರಿಸೀವರ್‌ನಲ್ಲಿ ಸೆಂಟರ್ ‘ನನ್’ (ಇಲ್ಲ) ಎಂದು ಹೇಳಿರಬೇಕು, ಹಾಗೆ ಮಾಡದಿದ್ದರೆ ಮಾತೆಲ್ಲ ಮನೆಯಲ್ಲಿ ಇಲ್ಲದ ಆ ಸ್ಪೀಕರ್‌ಗೆ ಹೋಗಿ ಕಳೆದುಹೋಗುತ್ತದೆ.

ತುಟಿ ಒಂದು ಕಡೆ, ಮಾತು ಇನ್ನೊಂದು ಕಡೆ: ಟಿವಿ ಚಿತ್ರವನ್ನು ಸಂಸ್ಕರಿಸಲು ಸಮಯ ತೆಗೆದುಕೊಳ್ಳುವುದರಿಂದ ಸದ್ದು ಮುಂದೆ ಬರುತ್ತದೆ. ಸದ್ದು 45 ಮಿಲಿಸೆಕೆಂಡ್ ಮುಂದಾದರೇ ಗೊತ್ತಾಗುತ್ತದೆ, ಹಿಂದಾದರೆ 125ರವರೆಗೆ ಮನಸ್ಸು ಒಪ್ಪಿಕೊಳ್ಳುತ್ತದೆ. ರಿಸೀವರ್‌ನ ‘ಆಡಿಯೊ ಡಿಲೇ’ಯನ್ನು 10 ಮಿಲಿಸೆಕೆಂಡಿನಂತೆ ಏರಿಸುತ್ತ ಹೋಗಿ. ಸದ್ದೇ ಹಿಂದುಳಿದಿದ್ದರೆ ಡಿಲೇಯಿಂದ ಉಪಯೋಗವಿಲ್ಲ, ಅದನ್ನು ಸೊನ್ನೆಗೆ ತಂದು ಟಿವಿಯ ಸೌಂಡ್ ಔಟ್‌ಪುಟ್ ಪಾಸ್‌ಥ್ರೂ ಮಾಡಿ ನೋಡಿ.

ನಡುನಡುವೆ ಪರದೆ ಒಂದೆರಡು ಸೆಕೆಂಡ್ ಕಪ್ಪಾಗುವುದು, ಬಿಳಿ ಚುಕ್ಕೆ ಮಿನುಗುವುದು ಬಹುತೇಕ ಕೇಬಲ್ ದೋಷ. ಪ್ಲೇಯರನ್ನು 1080ಕ್ಕೆ ಇಳಿಸಿದಾಗ ನಿಂತರೆ ಅನುಮಾನವೇ ಇಲ್ಲ, ಚಿಕ್ಕ ಕೇಬಲ್ ಹಾಕಿ.

ಸಬ್‌ವೂಫರ್‌ನಲ್ಲಿ ಸದಾ ಜೂಂ ಎಂಬ ಗುಂಗು ಇದ್ದರೆ ಗ್ರೌಂಡ್ ಲೂಪ್ (ಉಪಕರಣಗಳು ಎರಡು ಬೇರೆ ದಾರಿಯಲ್ಲಿ ಅರ್ಥ್ ಆಗುವುದು) ಇರಬಹುದು. ಕೇಬಲ್ ಟಿವಿ ಅಥವಾ ಡಿಶ್‌ನ ವೈರನ್ನು ಸೆಟ್‌ಟಾಪ್ ಬಾಕ್ಸಿನಿಂದ ಕಳಚಿ. ಗುಂಗು ನಿಂತರೆ ಕಳ್ಳ ಅದೇ, ಆ ವೈರಿಗೆ ಐಸೊಲೇಟರ್ ಹಾಕಿ. ನಿಲ್ಲದಿದ್ದರೆ ಒಂದೊಂದೇ ಉಪಕರಣ ಕಳಚುತ್ತ ಹೋಗಿ, ಎಲ್ಲವನ್ನೂ ಒಂದೇ ಸಾಕೆಟ್‌ನಿಂದ ಹೊರಟ ಸರ್ಜ್ ಪ್ರೊಟೆಕ್ಟರ್‌ಗೆ ಹಾಕಿ ನೋಡಿ. ಪ್ಲಗ್‌ನ ಅರ್ಥ್ ಪಿನ್ ಮುರಿದರೂ ಗುಂಗು ನಿಲ್ಲುತ್ತದೆ ಎಂದು ಯಾರಾದರೂ ಹೇಳಿದರೆ ಕೇಳಬೇಡಿ, ಒಳಗೆ ಏನಾದರೂ ಕೆಟ್ಟ ದಿನ ಕರೆಂಟು ನೇರ ಲೋಹದ ಮೈಗೆ ಬರುತ್ತದೆ.

ಎಲ್ಲ ಸರಿಯಾದ ಮೇಲೆ ಟಿವಿ ಮತ್ತು ರಿಸೀವರ್‌ನ ಪ್ರತಿ ಮೆನು ಪುಟದ ಫೋಟೊ ತೆಗೆದಿಡಿ. ಸಾಫ್ಟ್‌ವೇರ್ ಅಪ್‌ಡೇಟ್ ಆದ ಮಾರನೆಯ ದಿನ ಸೌಂಡ್ ಔಟ್‌ಪುಟ್ ಮತ್ತೆ ಪಿಸಿಎಂ ಆಗಿರಬಹುದು, ಮೋಷನ್ ಮತ್ತೆ ಆನ್ ಆಗಿರಬಹುದು.